ಗಾಜಿನ ಹಿಂದಣ ಚಿನ್ನ

ಹಳೆಯ ಮನೆಗಳ ಹಜಾರದಲ್ಲಿಯೂ ಹಳೆಯ ಅಂಗಡಿಗಳ ಬಾಗಿಲ ಮೇಲೆಯೂ ಅಂಚಿಗೆ ಚಿನ್ನದ ಬಳ್ಳಿ ಬರೆದ ನಿಲುಗನ್ನಡಿಗಳನ್ನೂ ಗಾಜಿನ ಫಲಕಗಳನ್ನೂ ನಮ್ಮ ಶ್ರೋತೃಗಳಲ್ಲಿ ಅನೇಕರು ನೋಡಿರಬಹುದು. ಆ ಬಳ್ಳಿಯನ್ನು ಮುಟ್ಟಬೇಕೆಂದು ಬೆರಳು ಚಾಚಿದರೆ ಬೆರಳಿಗೆ ಸಿಕ್ಕುವುದು ತಣ್ಣನೆಯ ಗಾಜು. ಚಿನ್ನ ಅದರ ಹಿಂದೆ ಇದೆ. ಕಣ್ಣಿಗೆ ಮುಂದೆಯೂ ಕೈಗೆ ಹಿಂದೆಯೂ ಇರುವ ಈ ಚಿನ್ನಕ್ಕೆ 2,200 ವರ್ಷಗಳಿಗೂ ಮೀರಿದ ಚರಿತ್ರೆ ಉಂಟು. ಜನರು ಈ ವಿದ್ಯೆಯನ್ನು ಹೇಗೆ ಕಲಿತರು, ಹೇಗೆ ಮರೆತರು, ಮರೆತುದನ್ನು ಮತ್ತೆ ಹೇಗೆ ಸಂಪಾದಿಸಿದರು ಎಂಬುದೇ ನಾವು ಈ ಹೊತ್ತು ಹೇಳಹೊರಟಿರುವ ವಿಷಯ. ಕಡೆಯಲ್ಲಿ ನಮ್ಮದೇ ಒಂದು ಸಣ್ಣ ಸಾಹಸವನ್ನೂ ಹೇಳಬೇಕಾಗಿದೆ. ಅದರಲ್ಲಿ ನಮಗೆ ಹೆಚ್ಚು ಕೀರ್ತಿಯೇನೂ ಬರಲಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇವೆ.

ಮೊದಲು ವಸ್ತುವಿನ ಸ್ವಭಾವವನ್ನು ತಿಳಿಯೋಣ. ಚಿನ್ನದಷ್ಟು ಮಣಿಯುವ ಲೋಹ ಮತ್ತೊಂದಿಲ್ಲ. ಅದನ್ನು ಪದರಪದರವಾಗಿ ಚರ್ಮದ ನಡುವೆ ಇಟ್ಟು ಸುತ್ತಿಗೆಯಿಂದ ಬಡಿಯುತ್ತ ಹೋದರೆ ಮಿಲಿಮೀಟರಿನ ಹತ್ತುಸಾವಿರದಲ್ಲೊಂದು ಪಾಲಿನಷ್ಟು ತೆಳ್ಳಗಿನ ರೇಕು ದೊರೆಯುತ್ತದೆ. ಅಂಥ ರೇಕನ್ನು ಬೆಳಕಿಗೆ ಹಿಡಿದು ನೋಡಿದರೆ ಬೆಳಕು ಹಸುರಾಗಿ ಅದರ ಮೂಲಕ ತೂರಿಬರುತ್ತದೆ. ಬೆರಳಿನಿಂದ ಎತ್ತಿದರೆ ಬೆರಳಿಗೇ ಮೆತ್ತಿಕೊಂಡು ಮಾಯವಾಗುತ್ತದೆ. ಉಸಿರು ಬಿಟ್ಟರೆ ಹಾರಿಹೋಗುತ್ತದೆ. ಮರದ ಮೇಲೋ ಗೋಡೆಯ ಮೇಲೋ ಇದನ್ನು ಹಚ್ಚಿದಾಗ ಹೊಳಪು ಬರಬೇಕಾದರೆ ಕೆಳಗಣ ನೆಲವನ್ನು ನುಣುಪುಮಾಡಿ, ಆಮೇಲೆ ಚಿನ್ನವನ್ನು ಉಜ್ಜಬೇಕು. ಗಾಜಿನ ವಿಷಯದಲ್ಲಿ ಆ ಶ್ರಮವಿಲ್ಲ. ಗಾಜಿನ ನುಣುಪೇ ಚಿನ್ನದ ನುಣುಪಾಗುತ್ತದೆ. ಮೇಲಾಗಿ ಧೂಳೂ ಕೈಯ ಜಿಡ್ಡೂ ಅದನ್ನು ತಾಗಲಾರವು.

ಆದರೆ ಈ ಸೌಕರ್ಯಕ್ಕೆ ಕೊಡಬೇಕಾದ ಬೆಲೆಯೊಂದುಂಟು. ಪಟದ ಮೇಲೆ ಬರೆಯುವ ಚಿತ್ರಕಾರನು ಹಿನ್ನೆಲೆಯನ್ನು ಮೊದಲು ಬರೆದು, ಅದರ ಮೇಲೆ ಮೈಯನ್ನೂ, ಮೈಯ ಮೇಲೆ ಉಡುಗೆಯನ್ನೂ, ಕಡೆಗೆ ಕಣ್ಣಿನ ಹೊಳಪನ್ನೂ ಇಡುತ್ತಾನೆ. ಗಾಜಿನ ಹಿಂದೆ ಕೆಲಸಮಾಡುವವನು ಕಣ್ಣಿನ ಹೊಳಪನ್ನು ಮೊದಲು ಇಟ್ಟು, ಆಮೇಲೆ ಕಣ್ಣನ್ನೂ ಕೆನ್ನೆಯನ್ನೂ ಬರೆದು, ಹಿನ್ನೆಲೆಯನ್ನು ಎಲ್ಲಕ್ಕಿಂತ ಕಡೆಗೆ ತುಂಬಬೇಕು. ಬಲವು ಎಡವಾಗುತ್ತದೆ, ಅಕ್ಷರ ತಿರುಗುಮುರುಗಾಗುತ್ತದೆ. ಇತರರು ತಮ್ಮ ಮೊದಲ ತಪ್ಪನ್ನು ಎರಡನೆಯ ಬಣ್ಣದಿಂದ ಮುಚ್ಚಬಹುದು. ಇಲ್ಲಿ ಮೊದಲು ಮಾಡಿದ ತಪ್ಪೇ ನೋಡುವವರಿಗೆ ಮೊದಲು ಕಾಣುವುದು.

ಇಟಲಿಯ ದಕ್ಷಿಣಭಾಗದಲ್ಲಿ ಕನೋಸಾ ಎಂಬ ಊರಿನ ಸಮಾಧಿಗಳಲ್ಲಿ ದೊರೆತ ಗಾಜಿನ ಬಟ್ಟಲುಗಳು ಈ ವಿದ್ಯೆಯ ಬಹು ಹಳೆಯ ಮಾದರಿಗಳು. ಕ್ರಿಸ್ತಪೂರ್ವ 3ನೆಯ ಶತಮಾನಕ್ಕೆ ಸೇರಿದ ಇವುಗಳಲ್ಲಿ ಒಂದರೊಳಗೊಂದು ಕೂರುವಂತೆ ಮಾಡಿದ ಎರಡು ಗಾಜಿನ ಬಟ್ಟಲುಗಳ ನಡುವೆ ಚಿನ್ನದ ಎಲೆಬಳ್ಳಿಗಳು ಸೆರೆಯಾಗಿವೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಇವನ್ನು ನೋಡಬಹುದು. ಇದಾದ ಐದಾರು ನೂರು ವರ್ಷಗಳ ಮೇಲೆ, ಕ್ರಿಸ್ತಶಕ 3 ಮತ್ತು 4ನೆಯ ಶತಮಾನಗಳಲ್ಲಿ, ರೋಮ್ ನಗರದಲ್ಲಿ ಇದು ಮನೆಮನೆಯ ವಿಲಾಸವಾಯಿತು. ಪಾನಪಾತ್ರೆಯ ಅಡಿಯಲ್ಲಿ ಗಂಡಹೆಂಡಿರ ಮುಖಗಳನ್ನೋ, ಮಗುವಿನ ರೂಪವನ್ನೋ, ಧರ್ಮಪುರುಷರ ಆಕೃತಿಯನ್ನೋ ಚಿನ್ನದ ರೇಕಿನಲ್ಲಿ ಕೊರೆದು, ಅದರ ಮೇಲೆ ಮತ್ತೊಂದು ಪದರ ಗಾಜನ್ನು ಬೆಸೆಯುತ್ತಿದ್ದರು. ಕುಡಿದು ಮುಗಿಸಿದಾಗ ತಳದಲ್ಲಿ ಮುಖ ಹೊಳೆಯುತ್ತಿತ್ತು. ಪಾತ್ರೆಗಳೇನೋ ಒಡೆದುಹೋದುವು. ಹಾಗಿದ್ದರೂ ಸುಮಾರು 500 ತಳಗಳು ನಮ್ಮ ಕಾಲದವರೆಗೆ ಉಳಿದುಬಂದಿರುವುದಕ್ಕೆ ಒಂದು ಕಾರಣವುಂಟು. ರೋಮಿನ ನೆಲದಡಿಯ ಸುರಂಗಗಳಲ್ಲಿ ಶವಗಳನ್ನು ಇಟ್ಟು ಗೂಡುಗಳ ಬಾಯಿಯನ್ನು ಗಾರೆಯಿಂದ ಮುಚ್ಚುವಾಗ, ಗಾರೆ ಹಸಿಯಾಗಿರುವಂತೆಯೇ ಇಂಥದೊಂದು ತಳವನ್ನು ಅದರಲ್ಲಿ ಒತ್ತುತ್ತಿದ್ದರು. ಸಾಲುಸಾಲಾಗಿದ್ದ ಆ ಗೂಡುಗಳ ನಡುವೆ ತಮ್ಮವರನ್ನು ಗುರುತಿಸುವುದಕ್ಕೆ ದೀಪದ ಬೆಳಕಿನಲ್ಲಿ ಮಿನುಗುವ ಆ ಚಿನ್ನ ಸಹಾಯವಾಗುತ್ತಿದ್ದಿರಬೇಕು. ಹಬ್ಬದ ಊಟಕ್ಕೆಂದು ಮಾಡಿದ ವಸ್ತುವನ್ನು ಮಸಣವು ಕಾಪಾಡಿಕೊಟ್ಟಿತು.

ಇದೇ ತತ್ತ್ವವನ್ನು ಬೈಜಾಂಟಿಯಮ್ಮಿನ ಶಿಲ್ಪಿಗಳು ಗೋಡೆಗಳಿಗೆ ಒಯ್ದರು. ರವೆನ್ನದ ದೇವಾಲಯಗಳಲ್ಲಿಯೂ ಕಾನ್‌ಸ್ಟಾಂಟಿನೋಪಲ್ಲಿನ ಸಂತ ಸೋಫಿಯಾ ಮಂದಿರದಲ್ಲಿಯೂ ಬೆಳಗುವ ಚಿನ್ನದ ಗೋಡೆಗಳು ಗಾಜಿನ ಚೂರುಗಳಿಂದ ಆದವು; ಪ್ರತಿಯೊಂದು ಚೂರಿನಲ್ಲಿಯೂ ದಪ್ಪ ಗಾಜು ಕೆಳಗೆ, ತೆಳುಗಾಜು ಮೇಲೆ, ನಡುವೆ ರೇಕು. 12ನೆಯ ಶತಮಾನದ ಥಿಯೊಫಿಲಸ್ ಎಂಬ ಸನ್ಯಾಸಿ ತನ್ನ ಕರಕೌಶಲಗ್ರಂಥದಲ್ಲಿ ಗ್ರೀಕರು ಗಾಜಿನ ಬಟ್ಟಲುಗಳಿಗೆ ಚಿನ್ನದ ಆಕೃತಿಗಳನ್ನು ಅಂಟಿಸಿ, ಮೇಲೆ ಬೇಗ ಕರಗುವ ಗಾಜಿನ ಪುಡಿಯನ್ನು ಬಳಿದು ಕುಲುಮೆಯಲ್ಲಿ ಸುಡುವ ರೀತಿಯನ್ನು ಬರೆದಿಟ್ಟಿದ್ದಾನೆ. ಇವೆಲ್ಲ ಬೆಂಕಿಯ ಕೆಲಸಗಳು. ಗಾಜಿನ ಕುಲುಮೆಯುಳ್ಳವರಿಗೆ ಮಾತ್ರ ಸಾಧ್ಯ. ಬೆಂಕಿಯಿಲ್ಲದೆ ಮೇಜಿನ ಮುಂದೆ ಕುಳಿತು ಮಾಡಬಹುದಾದ ಕೆಲಸವನ್ನು ವಿವರವಾಗಿ ಬರೆದವನು ಚೆನ್ನಿನೊ ಚೆನ್ನೀನಿ.

ಈತ ಇಟಲಿಯ ಟಸ್ಕನಿ ಪ್ರಾಂತದವನು. ಸುಮಾರು 1400ರಲ್ಲಿ ಚಿತ್ರಕಾರರಿಗಾಗಿ ಒಂದು ಕೈಪಿಡಿಯನ್ನು ಬರೆದನು. ಅದರಲ್ಲಿ ಗಾಜಿಗೆ ಚಿನ್ನವಿಡುವ ಪ್ರಕರಣವನ್ನು ಓದಿದರೆ ಗುರುವೊಬ್ಬನು ಶಿಷ್ಯನ ಬೆನ್ನಹಿಂದೆ ನಿಂತು ಹೇಳುತ್ತಿರುವಂತೆ ತೋರುತ್ತದೆ. ಹಸುರು ಛಾಯೆಯಿಲ್ಲದ, ಗುಳ್ಳೆಗಳಿಲ್ಲದ ಬಿಳಿಯ ಗಾಜನ್ನು ಆರಿಸಬೇಕು. ಅದನ್ನು ಕ್ಷಾರಜಲದಿಂದಲೂ ಇದ್ದಿಲಿನಿಂದಲೂ ತಿಕ್ಕಿ, ಶುದ್ಧವಾದ ನೀರಿನಲ್ಲಿ ತೊಳೆದು, ತಾನಾಗಿ ಒಣಗುವುದಕ್ಕೆ ಬಿಡಬೇಕು. ಕೋಳಿಮೊಟ್ಟೆಯ ಬಿಳಿಯ ಲೋಳೆಯನ್ನು ನೊರೆಯಾಗುವವರೆಗೆ ಕಡೆದು, ಒಂದು ರಾತ್ರಿ ಇಟ್ಟರೆ ತಿಳಿಯಾಗುತ್ತದೆ. ಆ ತಿಳಿಯಿಂದ ಗಾಜಿನ ಹಿಂಬದಿಯನ್ನು ಕುಂಚದಿಂದ ನೆನೆಸಿ ರೇಕನ್ನು ಇಳಿಸಬೇಕು. ಬಿಸಿಲು ತಾಗದಂತೆ ಕೆಲವು ದಿವಸ ಒಣಗಿಸಬೇಕು. ಆಮೇಲೆ ಸಣ್ಣ ಕಡ್ಡಿಯೊಂದಕ್ಕೆ ಸೂಜಿಯನ್ನು ಕಟ್ಟಿ, ದೇವರ ಹೆಸರು ಹೇಳಿ, ಚಿನ್ನದ ಮೇಲೆ ಆಕೃತಿಯನ್ನು ಗೀರುತ್ತ ಹೋಗಬೇಕು. ಚಿನ್ನ ಪೂರ್ತಿ ಎದ್ದ ಕಡೆ ನೆರಳು, ಅರ್ಧ ಎದ್ದ ಕಡೆ ಮಬ್ಬುನೆರಳು, ಉಳಿದ ಕಡೆ ಬೆಳಕು. ಗೀರಿದ ಕಡೆಗಳಲ್ಲಿ ಹಿಂದಿನಿಂದ ಕಪ್ಪನ್ನೋ ನೀಲಿಯನ್ನೋ ತುಂಬಿದರೆ ಆಕೃತಿ ಮುಂದೆ ಎದ್ದು ನಿಲ್ಲುತ್ತದೆ.

ಇವೆಲ್ಲಕ್ಕಿಂತಲೂ ನಮ್ಮ ಮನಸ್ಸಿಗೆ ಹಿಡಿದ ಉಪದೇಶ ಬೇರೊಂದುಂಟು. ಈ ಕೆಲಸಕ್ಕೆ ಕೂರುವ ಹಿಂದಿನ ದಿನವೆಲ್ಲ ಕೈಯನ್ನು ಕುತ್ತಿಗೆಯ ಬಳಿಯೋ ಎದೆಯ ಬಳಿ ಬಟ್ಟೆಯೊಳಗೋ ಇಟ್ಟುಕೊಂಡಿರಬೇಕು, ಆಗ ಕೈಯಲ್ಲಿನ ರಕ್ತದ ಭಾರವೂ ಆಯಾಸವೂ ಇಳಿಯುತ್ತವೆ ಎನ್ನುತ್ತಾನೆ ಚೆನ್ನೀನಿ. ಇದನ್ನು ಮೊದಲ ಸಾರಿ ಓದಿದಾಗ ನಮಗೆ ನಗೆ ಬಂದಿತು. ಸೂಜಿಯನ್ನು ನಾವೇ ಹಿಡಿದ ಮೇಲೆ ಆ ನಗೆ ಉಳಿಯಲಿಲ್ಲ.

ಈ ಗ್ರಂಥದ ಗತಿಯೂ ವಿಚಿತ್ರವಾದುದು. ಬರೆದ ಬಳಿಕ 400 ವರ್ಷಗಳ ಕಾಲ ಅದು ಹಸ್ತಪ್ರತಿಗಳಲ್ಲಿಯೇ ಉಳಿದು, 1821ರಲ್ಲಿ ರೋಮಿನಲ್ಲಿ ಮೊದಲ ಬಾರಿ ಅಚ್ಚಾಯಿತು. ಇಷ್ಟರಲ್ಲಿ ಯೂರೋಪಿನ ಬೇರೆ ಬೇರೆ ಮೂಲೆಗಳಲ್ಲಿ ಜನರು ಇದೇ ವಿದ್ಯೆಯನ್ನು ಹೊಸದಾಗಿ ಕಂಡುಕೊಂಡಿದ್ದರು. 18ನೆಯ ಶತಮಾನದ ಮಧ್ಯಭಾಗಕ್ಕೆ ಬೊಹೀಮಿಯದ ಗಾಜುಗಾರರು ರೋಮಿನವರಂತೆಯೇ ಎರಡು ಲೋಟಗಳ ನಡುವೆ ಚಿನ್ನದ ಬೇಟೆಯ ಚಿತ್ರಗಳನ್ನು ಅಡಗಿಸುತ್ತಿದ್ದರು. ಇವರು ಬೆಂಕಿಯಿಂದ ಬೆಸೆಯದೆ ಅಂಟಿನಿಂದ ಕೂಡಿಸಿದರು. ಪ್ಯಾರಿಸ್ಸಿನಲ್ಲಿ ಗ್ಲೋಮಿ ಎಂಬಾತ ಚಿತ್ರಗಳಿಗೆ ಕಟ್ಟು ಹಾಕುವ ಉದ್ಯೋಗದವನು, 1786ರಲ್ಲಿ ತೀರಿಕೊಂಡವನು. ಗಾಜಿನ ಹಿಂಬದಿಯಲ್ಲಿ ಕಪ್ಪು ಮತ್ತು ಚಿನ್ನದ ಅಂಚುಗಳನ್ನು ಬರೆದು ಪ್ರಸಿದ್ಧನಾದನು. ಅವನ ಹೆಸರಿನಿಂದಲೇ ಫ್ರೆಂಚರು ಈ ಜಾತಿಯ ಕೆಲಸಕ್ಕೆಲ್ಲ ಎಗ್ಲೋಮಿಜೆ ಎಂದು ಹೆಸರಿಟ್ಟರು. ಅವನಿಗಿಂತ ಎರಡು ಸಾವಿರ ವರ್ಷ ಹಳೆಯದಾದ ಬಟ್ಟಲಿಗೂ ಈಗ ಅವನ ಹೆಸರೇ. ಚರಿತ್ರೆಯಲ್ಲಿ ಇಂಥ ಅನ್ಯಾಯಗಳು ಅಪೂರ್ವವಲ್ಲ.

ಕನ್ನಡಿಯ ವೃತ್ತಾಂತ ಇಷ್ಟು ಹಗುರವಾದುದಲ್ಲ. ಚಿನ್ನದ ಅಂಚನ್ನು ಬರೆದ ಗಾಜಿನ ನಡುಭಾಗಕ್ಕೆ ಬೆಳ್ಳಿಯ ಹೊಳಪು ಬೇಕಷ್ಟೆ? ಅದನ್ನು ಕೊಡುತ್ತಿದ್ದುದು 16ನೆಯ ಶತಮಾನದಿಂದ ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲ ತವರ ಮತ್ತು ಪಾದರಸ. ನಯವಾದ ಕಲ್ಲಿನ ಮೇಜಿನ ಮೇಲೆ ತವರದ ತೆಳುಹಾಳೆಯನ್ನು ಹಾಸಿ, ಪಾದರಸವನ್ನು ಸುರಿದು ಉಜ್ಜಿ, ಕೆರೆಯಂತೆ ನಿಂತ ಪಾದರಸದ ಮೇಲೆ ಗಾಜನ್ನು ಅಂಚಿನಿಂದ ಜಾರಿಸಿ ಕೂರಿಸುತ್ತಿದ್ದರು. ಮೇಲೆ ಭಾರವಿಟ್ಟು, ಮೇಜನ್ನು ಸ್ವಲ್ಪ ಓರೆಮಾಡಿ, ವಾರಗಟ್ಟಲೆ ಬಿಟ್ಟರೆ ಹೆಚ್ಚಿನ ಪಾದರಸ ಇಳಿದುಹೋಗಿ ಉಳಿದದ್ದು ತವರದೊಡನೆ ಕೂಡಿ ಗಾಜಿಗೆ ಹತ್ತಿಕೊಳ್ಳುತ್ತಿತ್ತು. ವೆನಿಸ್ ನಗರಕ್ಕೆ ಸೇರಿದ ಮುರಾನೋ ದ್ವೀಪ ಈ ಉದ್ಯೋಗಕ್ಕೆ ತವರುಮನೆ. ಅಲ್ಲಿನ ಕುಶಲರು ಹೊರದೇಶಕ್ಕೆ ಹೋಗದಂತೆ ಆ ರಾಜ್ಯ ಕಟ್ಟುನಿಟ್ಟು ಮಾಡಿತ್ತು. ಹಾಗಿದ್ದರೂ 1665ರಲ್ಲಿ ಫ್ರಾನ್ಸಿನ ಮಂತ್ರಿ ಕೋಲ್ಬೇರ್ ಕನ್ನಡಿಯ ಕಾರ್ಖಾನೆಯನ್ನು ಸ್ಥಾಪಿಸಿ ಮುರಾನೋದವರನ್ನು ಹಣದಿಂದ ಸೆಳೆದನು. 1684ರಲ್ಲಿ ಮುಗಿದ ವರ್ಸೇಲ್ಸ್ ಅರಮನೆಯ ದರ್ಪಣಶಾಲೆಯಲ್ಲಿ 17 ಕಮಾನುಗಳಲ್ಲಿ 357 ಕನ್ನಡಿಗಳಿವೆ.

ಅವುಗಳನ್ನು ಮಾಡಿದ ಕೈಗಳ ಮಾತನ್ನು ಎತ್ತಿದವನು ರಮಜ್ಜೀನಿ ಎಂಬ ವೈದ್ಯ. ಕಸಬಿನಿಂದ ಬರುವ ರೋಗಗಳನ್ನು ಕುರಿತು 1700ರಲ್ಲಿ ಅವನು ಪ್ರಕಟಿಸಿದ ಗ್ರಂಥದಲ್ಲಿ ಕನ್ನಡಿಗಾರರಿಗೆ ಒಂದು ಸ್ಥಳವುಂಟು. ಪಾದರಸದ ಸಂಗದಿಂದ ಅವರಿಗೆ ಕೈಕಾಲುಗಳ ಸ್ವಾಧೀನ ತಪ್ಪುತ್ತದೆ, ಉಬ್ಬಸ ಹಿಡಿಯುತ್ತದೆ. ಮುರಾನೋದಲ್ಲಿ ಅವರು ತಾವೇ ಮಾಡಿದ ಕನ್ನಡಿಯಲ್ಲಿ ತಮ್ಮ ದುರವಸ್ಥೆಯನ್ನು ನೋಡಲಾರದೆ ನೋಡುತ್ತ ಕಸಬನ್ನು ಶಪಿಸುತ್ತಾರೆ ಎಂದು ಅವನು ಬರೆದಿದ್ದಾನೆ. ಈ ಮಾತನ್ನು ಓದಿದ ಮೇಲೆ ಹಳೆಯ ಕನ್ನಡಿಗಳ ಮುಂದೆ ನಿಂತು ಪೇಟ ಸರಿಪಡಿಸಿಕೊಳ್ಳುವುದು ನಮಗೆ ಸುಲಭವಾಗಿಲ್ಲ. ರಮಜ್ಜೀನಿ ಬರೆದ 160 ವರ್ಷಗಳ ಮೇಲೆಯೂ ಸ್ಥಿತಿ ಬದಲಾಗಿರಲಿಲ್ಲ. 1861ರಲ್ಲಿ ಕುಸ್‌ಮೌಲ್ ಎಂಬ ಜರ್ಮನ್ ವೈದ್ಯನು ಬವೇರಿಯದ ಕನ್ನಡಿಗಾರರಲ್ಲಿ ಅದೇ ನಡುಕವನ್ನೂ ಬಾಯಿಹುಣ್ಣನ್ನೂ ಕಂಡು ದೊಡ್ಡದೊಂದು ಗ್ರಂಥವನ್ನೇ ಬರೆದನು. ಅಷ್ಟು ಹೊತ್ತಿಗೆ ಬದಲು ಮಾರ್ಗ ದೊರೆತಿತ್ತೆಂಬುದೇ ಶೋಚನೀಯವಾದ ಸಂಗತಿ. ಬೆಳ್ಳಿಯ ಲವಣದ ದ್ರಾವಣದಿಂದ ಗಾಜಿನ ಮೇಲೆ ನಿಜವಾದ ಬೆಳ್ಳಿಯ ಪದರವನ್ನು ಇಳಿಸಬಹುದೆಂದು ರಸಾಯನಶಾಸ್ತ್ರಜ್ಞ ಲೀಬಿಗ್ 1835ರಲ್ಲಿಯೇ ತೋರಿಸಿ, 1850ರ ದಶಕದಲ್ಲಿ ಅದನ್ನು ಕಾರ್ಖಾನೆಗೆ ತಕ್ಕಂತೆ ತಿದ್ದಿದ್ದನು. ಕೊಳ್ಳುವವರಿಗೆ ಅದು ಒಪ್ಪಿಗೆಯಾಗಲಿಲ್ಲ. ಪಾದರಸದ ಕನ್ನಡಿಯಲ್ಲಿ ಮುಖ ತುಸು ನೀಲಿಯಾಗಿ ಕಾಣುತ್ತಿತ್ತು, ಬೆಳ್ಳಿಯದರಲ್ಲಿ ತುಸು ಹಳದಿ. ಜನರು ನೀಲಿಗೆ ಒಗ್ಗಿಹೋಗಿದ್ದರು. ಮುಖದ ಬಣ್ಣದ ಈ ಅಲ್ಪ ಭೇದಕ್ಕಾಗಿ ಕೆಲಸಗಾರರು ಇನ್ನೂ ಕೆಲವು ದಶಕ ನಡುಗಬೇಕಾಯಿತು. 20ನೆಯ ಶತಮಾನದ ಆರಂಭಕ್ಕೆ ಪಾದರಸದ ಕನ್ನಡಿ ಬಹುಮಟ್ಟಿಗೆ ನಿಂತುಹೋಯಿತು.

ಅದೇ 19ನೆಯ ಶತಮಾನದ ಕೊನೆಯಲ್ಲಿ ಲಂಡನ್ನಿನ ಪಾನಗೃಹಗಳ ದೊಡ್ಡ ಕನ್ನಡಿಗಳ ಮೇಲೆಯೂ ಅಂಗಡಿಗಳ ಕಿಟಕಿಗಳ ಮೇಲೆಯೂ ಚಿನ್ನದ ಅಕ್ಷರಗಳು ತುಂಬಿಕೊಂಡುವು. ಈ ಹೆಸರುಹಲಗೆಯವರು ಮೊಟ್ಟೆಯನ್ನು ಬಿಟ್ಟು, ಬಿಸಿನೀರಿನಲ್ಲಿ ಕರಗಿಸಿದ ಜೆಲಟಿನ್ನನ್ನು ಹಿಡಿದರು. ಅಂಟು ನೀರಿನಷ್ಟೇ ತೆಳ್ಳಗಿರಬೇಕು. ಸ್ವಲ್ಪ ಮಂದವಾದರೂ ಚಿನ್ನದ ಹಿಂದೆ ಮೋಡ ಕವಿದಂತಾಗುತ್ತದೆ. ರೇಕು ಮೂರೂಕಾಲು ಅಂಗುಲದಷ್ಟು ಚಚ್ಚೌಕ, ಪುಸ್ತಕವೊಂದಕ್ಕೆ 25. ಅಗಲವಾದ ಕುಂಚವನ್ನು ತನ್ನ ಕೆನ್ನೆಗೆ ಒಮ್ಮೆ ಸವರಿಕೊಂಡರೆ ಕೂದಲಿಗೆ ಹತ್ತುವ ಅಷ್ಟು ಜಿಡ್ಡೇ ರೇಕನ್ನು ಎತ್ತುವುದಕ್ಕೆ ಸಾಕು. ನೆನೆದ ಗಾಜಿನ ಸಮೀಪಕ್ಕೆ ತಂದೊಡನೆ ರೇಕು ತಾನೇ ಹಾರಿ ಅಂಟಿಕೊಳ್ಳುತ್ತದೆ. ಒಣಗುತ್ತ ಒಣಗುತ್ತ ಮಬ್ಬು ಹರಿದು ಹೊಳಪು ಬರುತ್ತದೆ. ಹತ್ತಿಯಿಂದ ಮೃದುವಾಗಿ ಉಜ್ಜಿ, ಬಿರುಕುಗಳ ಮೇಲೆ ಎರಡನೆಯ ರೇಕನ್ನು ಇಟ್ಟು, ಆಮೇಲೆ ಅಕ್ಷರಗಳನ್ನು ತಿರುಗುಮುರುಗಾಗಿ ಕಪ್ಪುಬಣ್ಣದಿಂದ ಹಿಂದೆ ಬರೆದು, ಬಣ್ಣ ಮುಚ್ಚದ ಚಿನ್ನವನ್ನು ಒದ್ದೆ ಹತ್ತಿಯಿಂದ ಒರಸಿ ತೆಗೆಯುವುದು. ಕೆಲಸವೆಲ್ಲ ಇಷ್ಟೆ. ಇಷ್ಟನ್ನು ಚೆನ್ನಾಗಿ ಮಾಡುವುದಕ್ಕೆ ಹುಡುಗರು ವರ್ಷಗಟ್ಟಲೆ ಯಜಮಾನನ ಕೈಕೆಳಗೆ ಗಾಜು ತೊಳೆಯುತ್ತಿದ್ದರು.

ನಮ್ಮ ನಾಡಿನ ಚಿತ್ರಕಾರರಿಗೂ ಚಿನ್ನದ ರೇಕು ಹೊಸದಲ್ಲ. 1868ರಲ್ಲಿ ದಿವಂಗತರಾದ ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಬೆಳೆದ ಮೈಸೂರಿನ ಚಿತ್ರಗಳಲ್ಲಿ ಬಿಳಿಸೀಸದ ಪುಡಿಯನ್ನು ಅಂಟಿನೊಡನೆ ಕಲಸಿ ಆಭರಣಗಳನ್ನು ಸಣ್ಣಗೆ ಉಬ್ಬಿಸಿ, ಅದರ ಮೇಲೆ ರೇಕನ್ನು ಹಚ್ಚಿ ಉಜ್ಜುವ ಸಂಪ್ರದಾಯವಿತ್ತು. ಅದು ಇಂದಿಗೂ ಕೆಲವರ ಕೈಯಲ್ಲಿ ಉಳಿದಿದೆ. ಇದರ ಪಕ್ಕದಲ್ಲಿಯೇ ಗಾಜಿನ ಚಿತ್ರವೂ ಬೆಳೆಯಿತು. 18ನೆಯ ಶತಮಾನದಲ್ಲಿ ಚೀನಾದೇಶದ ವ್ಯಾಪಾರದೊಡನೆ ಭರತಖಂಡಕ್ಕೆ ಬಂದ ಈ ಬಗೆಯನ್ನು ತಂಜಾವೂರಿನವರೂ ಮೈಸೂರಿನವರೂ ತಮ್ಮದಾಗಿ ಮಾಡಿಕೊಂಡರು. ಗಾಜಿನ ಹಿಂದೆ ಮೊದಲು ಕಪ್ಪುಗೆರೆ, ಆಮೇಲೆ ಮೈಬಣ್ಣ. ಕಿರೀಟ, ಹಾರ, ಸೀರೆಯ ಸೆರಗಿನ ಸ್ಥಳಗಳನ್ನು ಬರಿದೇ ಬಿಟ್ಟು, ಕಡೆಗೆ ಹಿಂದಿನಿಂದ ಹೊಳೆಯುವ ರೇಕನ್ನು ಇಡುವುದು. ಪೂಜಾಗೃಹದ ನವನೀತಕೃಷ್ಣನ ತೋಳಬಂದಿ ಹಣತೆಯ ಬೆಳಕಿಗೆ ಮಿನುಗುವುದು ಈ ಉಪಾಯದಿಂದಲೇ.

ಮೈಸೂರಿಗೂ ಚೆನ್ನೀನಿಗೂ ಇನ್ನೊಂದು ಸಂಬಂಧವುಂಟು. ಅದು ಅಷ್ಟಾಗಿ ವಿದಿತವಾಗಿಲ್ಲ. ಚೆನ್ನೀನಿಯ ಕೈಪಿಡಿಯನ್ನು 1899ರಲ್ಲಿ ಇಂಗ್ಲಿಷಿಗೆ ಪರಿವರ್ತಿಸಿದ ಕ್ರಿಸ್ಟಿಯಾನಾ ಹೆರಿಂಗ್‌ಹ್ಯಾಂ ಎಂಬಾಕೆ, ಗ್ರಂಥದ ವಿಧಾನಗಳನ್ನು ತಾನೇ ಕೈಯಾರೆ ಪ್ರಯೋಗಿಸಿ ನೋಡಿದ ಚಿತ್ರಕಾರ್ತಿ. ಈಕೆಯೇ ಹತ್ತು ವರ್ಷಗಳ ಮೇಲೆ ಅಜಂತದ ಗುಹೆಗಳಿಗೆ ಬಂದು ಭಿತ್ತಿಚಿತ್ರಗಳ ಪ್ರತಿಗಳನ್ನು ತೆಗೆಸಿದಳು. ಆ ಕೆಲಸದಲ್ಲಿ ನಂದಲಾಲ ಬಸು ಮೊದಲಾದ ತರುಣರೊಡನೆ ಮೈಸೂರಿನ ಕೆ. ವೆಂಕಟಪ್ಪನವರೂ ಇದ್ದರು. ಆಸ್ಥಾನಚಿತ್ರಕಾರರ ಮನೆತನದಲ್ಲಿ ಹುಟ್ಟಿದ ತರುಣನೂ ಚೆನ್ನೀನಿಯನ್ನು ಆಳವಾಗಿ ಬಲ್ಲ ಮಹಿಳೆಯೂ ಒಂದೇ ಗುಹೆಯ ಮುಂದೆ ಕುಳಿತಿದ್ದರು. ಅವರು ಚಿನ್ನದ ಮಾತನ್ನು ಆಡಿದರೋ ಇಲ್ಲವೋ. ಆಡಿದ್ದರೆ ಅದನ್ನು ಕೇಳುವ ಭಾಗ್ಯಕ್ಕಾಗಿ ನಾವು ಒಂದು ವರ್ಷದ ಸಂಬಳವನ್ನಾದರೂ ಕೊಡುತ್ತಿದ್ದೆವು.

ಹೆರಿಂಗ್‌ಹ್ಯಾಂ ಅವರ ಈ ಮಾದರಿಯೇ ನಮ್ಮನ್ನು ಕೆಡಿಸಿತು. ಪುಸ್ತಕದಲ್ಲಿ ಎಲ್ಲವನ್ನೂ ಹೇಳಿದ್ದಾನಲ್ಲ, ನಾವೇ ಏಕೆ ಮಾಡಿನೋಡಬಾರದು ಎಂದು ಹೊರಟೆವು. ಕೋಳಿಮೊಟ್ಟೆಗೆ ನಮ್ಮ ಮನೆಯ ಅಡಿಗೆಮನೆಯಲ್ಲಿ ಪ್ರವೇಶವಿಲ್ಲವಾದ್ದರಿಂದ ರಸಾಯನಶಾಸ್ತ್ರದ ಮಿತ್ರರೊಬ್ಬರ ಆಶ್ರಯವನ್ನು ಬೇಡಬೇಕಾಯಿತು. ಹಳೆಯ ಪಟವೊಂದರ ಗಾಜು, ಲೇಖನಿಯ ಹಿಡಿಗೆ ಸಿಕ್ಕಿಸಿದ ಸೂಜಿ, ಪೇಟೆಯಲ್ಲಿ ಕೊಂಡ ರೇಕು ಇಷ್ಟೂ ಸಿದ್ಧವಾದುವು. ಮೊದಲ ರೇಕು ನಾವು ಉಸಿರು ಬಿಟ್ಟ ಕೂಡಲೆ ಮೇಜಿನಡಿಗೆ ಹೋಯಿತು. ಎರಡನೆಯದು ಮಿತ್ರರ ಕನ್ನಡಕಕ್ಕೆ ಅಂಟಿತು. ಮೂರನೆಯದು ಗಾಜಿನ ಮೇಲೆ ಕುಳಿತಿತು. ನಾಲ್ಕು ದಿನ ಕಾದು ಸೂಜಿಯಿಟ್ಟರೆ ಗೆರೆ ಬರುವುದಕ್ಕೆ ಬದಲಾಗಿ ಚಿನ್ನ ಸುಲಿದ ಸಿಪ್ಪೆಯಂತೆ ಎದ್ದುಬಂದಿತು. ಮತ್ತೊಂದರಲ್ಲಿ 'ಶ್ರೀ' ಎಂಬ ಅಕ್ಷರವನ್ನು ಬಹಳ ಅಂದವಾಗಿ ಬರೆದೆವು. ತಿರುಗಿಸಿ ನೋಡಿದಾಗ ಅದು ಯಾವ ಭಾಷೆಯ ಅಕ್ಷರವೂ ಆಗಿರಲಿಲ್ಲ. ಪುಟಗಟ್ಟಲೆ ಓದಿ, ತರಗತಿಯಲ್ಲಿ ವರ್ಣಿಸಿಯೂ ಇದ್ದ ನಮಗೆ ಈ ಮರೆವು ಬಂದಿತೆಂಬುದನ್ನು ನಮ್ಮ ವಿದ್ಯಾರ್ಥಿಗಳು ಕೇಳದಿರಲಿ.

ಕಡೆಗೆ ಪಟಗಳಿಗೆ ಕಟ್ಟು ಹಾಕುವ ವೃದ್ಧರೊಬ್ಬರಲ್ಲಿಗೆ ಆ ಗಾಜುಗಳನ್ನು ಒಯ್ದೆವು. ಅವರು ಒಂದನ್ನು ಎತ್ತಿ ಬೆಳಕಿಗೆ ಓರೆಯಾಗಿ ಹಿಡಿದು, "ಸ್ವಾಮಿ, ತೊಳೆದ ಮೇಲೆ ಇದನ್ನು ಬಟ್ಟೆಯಲ್ಲಿ ಒರಸಿದಿರಾ?" ಎಂದು ಕೇಳಿದರು. ಒರಸಿದ್ದೆವು, ಅದೂ ಮಡಿಯಿಂದ, ಒಗೆದ ಪಂಚೆಯಲ್ಲಿ. "ಬಟ್ಟೆಯ ಜಿಡ್ಡು ಕೂತಿದೆ ನೋಡಿ. ಬೂದಿಯಲ್ಲಿ ಉಜ್ಜಿ, ಓರೆಯಾಗಿ ನಿಲ್ಲಿಸಿ ಸುಮ್ಮನೆ ಬಿಟ್ಟುಬಿಡಿ, ತಾನೇ ಆರಲಿ. ಆಮೇಲೆ ಒಳಮೈಯನ್ನು ಮುಟ್ಟಲೇಬೇಡಿ" ಎಂದರು. ಈ ಯಜಮಾನರು ಇಟಲಿಯ ಹೆಸರನ್ನು ಕೇಳಿದವರಲ್ಲ. ಮನೆಗೆ ಬಂದು ಪುಸ್ತಕವನ್ನು ತೆರೆದೆವು. ತಾನಾಗಿ ಒಣಗಲು ಬಿಡಬೇಕೆಂಬ ಮಾತು ಅಲ್ಲಿಯೇ ಇದೆ. ಅದರ ಕೆಳಗೆ ನಾವೇ ಸೀಸದಕಡ್ಡಿಯಿಂದ ಗೆರೆ ಎಳೆದಿದ್ದೆವು.

ಆಮೇಲೆ ಹಲವು ಭಾನುವಾರಗಳು ಆ ಅಂಗಡಿಯ ಜಗಲಿಯಲ್ಲಿ ಕಳೆದುವು. ಗಾಜನ್ನು ಬೂದಿಯಲ್ಲಿ ತೊಳೆಯುವುದನ್ನೇ ಮೂರು ವಾರ ಮಾಡಿದೆವು. ಏಳನೆಯ ಗಾಜಿನಲ್ಲಿ ಚಿನ್ನ ನಿಂತಿತು. ಹಿಂದಿನ ಸಂಜೆ, ಯಾರೂ ನೋಡುತ್ತಿಲ್ಲವೆಂದು ಖಚಿತಪಡಿಸಿಕೊಂಡು, ಬಲಗೈಯನ್ನು ಅಂಗಿಯೊಳಗೆ ಇಟ್ಟುಕೊಂಡು ಕುಳಿತಿದ್ದೆವು. ಬೆಳಿಗ್ಗೆ ಕೈ ನಡುಗಲಿಲ್ಲ. ಅಂಚಿಗೆ ಬಳ್ಳಿ, ನಡುವೆ ಒಂದು ಹಂಸ, ಹಿಂದೆ ಕಾಡಿಗೆಯ ಕಪ್ಪು. ಆ ಗಾಜು ಈಗ ನಮ್ಮ ಮೇಜಿನ ಮೇಲಿದೆ. ಹಂಸದ ಕೊರಳಿನ ಬಳಿ ಸೂಜಿ ಜಾರಿದ ಗೆರೆಯೊಂದಿದೆ; ಬಂದವರೆಲ್ಲರಿಗೂ ಮೊದಲು ಕಾಣುವುದು ಅದೇ.